ಎಫ್‌ಪಿಜಿಎ ಆಧಾರಿತ ಎಂಬೆಡೆಡ್ ವಿನ್ಯಾಸ

ಕಾರ್ಖಾನೆಯಿಂದ ಹೊರಬಂದ ಮೇಲೂ ಒಳಗಿನ ಡಿಜಿಟಲ್ ಸರ್ಕ್ಯೂಟನ್ನು ಬಳಸುವವರೇ ರೂಪಿಸಿಕೊಳ್ಳಬಹುದಾದ ಚಿಪ್ ಎಫ್‌ಪಿಜಿಎ. ಇದರ ಮೂಲಘಟಕ ಲುಕಪ್ ಟೇಬಲ್. ನಾಲ್ಕು ಇನ್‌ಪುಟ್‌ಗಳ ಟೇಬಲ್‌ನಲ್ಲಿ 16 ಬಿಟ್‌ಗಳಿರುತ್ತವೆ; ಅವನ್ನು ತುಂಬುವ ರೀತಿಯಿಂದಲೇ ಆ ನಾಲ್ಕು ಸಿಗ್ನಲ್‌ಗಳ ಯಾವ ಲಾಜಿಕ್ ಬೇಕಾದರೂ ಸಿದ್ಧವಾಗುತ್ತದೆ. ಬಹುಪಾಲು ಎಫ್‌ಪಿಜಿಎಗಳು ಈ ಬಿಟ್‌ಗಳನ್ನು ಎಸ್‌ರ‍್ಯಾಮ್‌ನಲ್ಲಿ ಇಡುವುದರಿಂದ ವಿದ್ಯುತ್ ಹೋದರೆ ಎಲ್ಲವೂ ಅಳಿಸಿಹೋಗುತ್ತದೆ. ಮತ್ತೆ ಆನ್ ಮಾಡಿದಾಗ ಫ್ಲ್ಯಾಶ್ ಮೆಮೊರಿಯಿಂದ ತುಂಬಿಕೊಳ್ಳಬೇಕು.

ಇತಿಹಾಸ

ಕ್ಸೈಲಿಂಕ್ಸ್ ಸಂಸ್ಥೆ 1985ರಲ್ಲಿ ಹೊರತಂದ ಎಕ್ಸ್‌ಸಿ2064 ಚಿಪ್‌ನಲ್ಲಿ 64 ಲಾಜಿಕ್ ಬ್ಲಾಕ್‌ಗಳಿದ್ದವು. ಟ್ರಾನ್ಸಿಸ್ಟರ್ ದುಬಾರಿಯಾಗಿದ್ದ ಕಾಲದಲ್ಲಿ, ಅವು ಅಗ್ಗವಾಗಿಯೇ ತೀರುತ್ತವೆಂದು ನಂಬಿ ಧಾರಾಳವಾಗಿ ಬಳಸಿದ ಸಂಸ್ಥೆಯ ಸಹಸ್ಥಾಪಕ ರಾಸ್ ಫ್ರೀಮನ್ ಅವರ ನಿರ್ಧಾರ ಈ ಕ್ಷೇತ್ರದ ಅತಿ ಮುಖ್ಯ ತಿರುವು ಎನ್ನಬಹುದು. 2011ರ ಝಿಂಕ್-7000 ಸರಣಿಯಲ್ಲಿ ಎರಡು ಕಾರ್ಟೆಕ್ಸ್-ಎ9 ಪ್ರೊಸೆಸರ್ ಕೋರ್‌ಗಳು ಲಾಜಿಕ್‌ನ ಪಕ್ಕದಲ್ಲೇ ಒಂದೇ ಚಿಪ್‌ನಲ್ಲಿ ಕುಳಿತವು.

ಕೆಲಸದ ಹಂಚಿಕೆ

ನೆಟ್‌ವರ್ಕ್, ಫೈಲು, ಪರದೆಯಂಥ ಕೆಲಸಗಳು ಪ್ರೊಸೆಸರ್‌ಗೆ. ಮೋಟಾರಿನ ಕರೆಂಟ್ ನಿಯಂತ್ರಣದಂತೆ ಪ್ರತಿ ಸಲವೂ ಕರಾರುವಾಕ್ಕಾದ ಸಮಯಕ್ಕೆ ಆಗಲೇಬೇಕಾದವು ಲಾಜಿಕ್‌ಗೆ. ಲಾಜಿಕ್ ಭಾಗವನ್ನು ವಿಎಚ್‌ಡಿಎಲ್ ಅಥವಾ ವೆರಿಲಾಗ್ ಎಂಬ ಹಾರ್ಡ್‌ವೇರ್ ವಿವರಣಾ ಭಾಷೆಯಲ್ಲಿ ಬರೆಯುತ್ತಾರೆ.

ಕ್ಲಾಕ್ ಗಡಿಗಳು

ಸೆನ್ಸರ್, ಮೆಮೊರಿ, ಪ್ರೊಸೆಸರ್ ಒಂದೊಂದಕ್ಕೂ ಒಂದೊಂದು ಕ್ಲಾಕ್ ಇರುವುದು ಎಂಬೆಡೆಡ್ ವಿನ್ಯಾಸದಲ್ಲಿ ಸಾಮಾನ್ಯ. ಒಂದು ಕ್ಲಾಕ್‌ನ ಸಿಗ್ನಲ್ ಇನ್ನೊಂದರ ಅಂಚಿಗೆ ತೀರ ಹತ್ತಿರದಲ್ಲಿ ಬದಲಾದರೆ, ಅದನ್ನು ಹಿಡಿಯುವ ಫ್ಲಿಪ್‌ಫ್ಲಾಪ್ (ಒಂದು ಬಿಟ್ ಹಿಡಿದಿಡುವ ಘಟಕ) ಸ್ವಲ್ಪ ಹೊತ್ತು ಸೊನ್ನೆಗೂ ಒಂದಕ್ಕೂ ನಡುವೆ ತೂಗಾಡುತ್ತದೆ. ಇದೇ ಮೆಟಾಸ್ಟೆಬಿಲಿಟಿ. ಇದನ್ನು ಪೂರ್ತಿ ತಡೆಯಲಾಗದು, ತೀರ ಅಪರೂಪವಾಗಿಸಬಹುದಷ್ಟೆ. ಒಂದೇ ಬಿಟ್ ಆದರೆ ಎರಡು ಫ್ಲಿಪ್‌ಫ್ಲಾಪ್‌ಗಳನ್ನು ಸಾಲಾಗಿ ಇಟ್ಟರೆ ಸಾಮಾನ್ಯವಾಗಿ ಸಾಕು: ಮೊದಲನೆಯದು ನೆಲೆಗೊಳ್ಳಲು ಒಂದು ಕ್ಲಾಕ್ ಅವಧಿ ಸಿಗುತ್ತದೆ.

ಹಲವು ಬಿಟ್‌ಗಳ ಸಂಖ್ಯೆಗೆ ಈ ಉಪಾಯ ನಡೆಯದು. ಕೌಂಟರ್ 3ರಿಂದ 4ಕ್ಕೆ ಹೋಗುವಾಗ 011 ಎಂಬುದು 100 ಆಗುತ್ತದೆ, ಅಂದರೆ ಮೂರೂ ಬಿಟ್ ಬದಲಾಗುತ್ತವೆ. ಕೆಲವು ಹಳೆಯವು, ಕೆಲವು ಹೊಸವು ಸಿಕ್ಕರೆ ಕೌಂಟರ್‌ನಲ್ಲಿ ಆ ಹೊತ್ತು ಇಲ್ಲದ ಸಂಖ್ಯೆಯೊಂದು ಆ ಕಡೆ ತಲುಪುತ್ತದೆ. ಗ್ರೇ ಕೋಡ್‌ನಲ್ಲಿ ಅದೇ ಹೆಜ್ಜೆ 010ರಿಂದ 110. ಬದಲಾಗುವುದು ಒಂದೇ ಬಿಟ್, ಆದ್ದರಿಂದ ಸಿಗುವುದು ಒಂದೋ ಹಳೆಯ ಸಂಖ್ಯೆ, ಇಲ್ಲವೇ ಹೊಸದು. ಎರಡು ಕ್ಲಾಕ್‌ಗಳ ನಡುವಿನ ಫಿಫೊಗಳ (ಮೊದಲು ಬಂದದ್ದು ಮೊದಲು ಹೊರಹೋಗುವ ಸಾಲುಗಳ) ಪಾಯಿಂಟರ್‌ಗಳು ಗ್ರೇ ಕೋಡ್‌ನಲ್ಲಿ ದಾಟುವುದು ಇದಕ್ಕಾಗಿಯೇ.

ಸಾಧಾರಣ ಸಿಮ್ಯುಲೇಶನ್‌ನಲ್ಲಿ ಈ ದೋಷ ಕಾಣುವುದಿಲ್ಲ. ಪ್ರಯೋಗಾಲಯದ ಮೇಜಿನ ಮೇಲೆ ಸರಿಯಾಗಿ ನಡೆದ ಬೋರ್ಡ್, ಅಳವಡಿಸಿದ ಜಾಗದ ಬಿಸಿಯಲ್ಲಿ ಯಾವಾಗಲೋ ಒಮ್ಮೆ ತಪ್ಪಬಹುದು. ಆದ್ದರಿಂದ ಗಡಿ ದಾಟುವ ಪ್ರತಿಯೊಂದು ಸಿಗ್ನಲನ್ನೂ ಪಟ್ಟಿಮಾಡಿ ಪರಿಶೀಲಿಸಬೇಕು. ಆ ಪಟ್ಟಿಯಲ್ಲಿ ಹಲವರು ಬಿಟ್ಟುಬಿಡುವುದು ರಿಸೆಟ್ ಸಿಗ್ನಲ್: ಅದು ಯಾವಾಗ ಬಂದರೂ ಅಡ್ಡಿಯಿಲ್ಲ, ಬಿಡುಗಡೆ ಮಾತ್ರ ಆಯಾ ಕ್ಲಾಕ್‌ಗೆ ಹೊಂದಿಕೊಂಡೇ ಆಗಬೇಕು.