ಹುದ್ದೆಗೆ ಮೀಸಲು, ಸಂಶೋಧನೆಗೆ ಕಾಯುವಿಕೆ: ಕುರುಗೋಡು ಸೀಮೆಯ ಕಿರಿಯ ವಿದ್ವಾಂಸರ ಸ್ಥಿತಿ

ಕುರುಗೋಡಿನ ಸಿಂದ ಅರಸರ ಬಗ್ಗೆ ಆ ಊರಿನವರೇ ಪಿಎಚ್.ಡಿ. ಮಾಡಹೊರಟರೆ ಆಕರಗಳಿಗೆ ಬರವಿಲ್ಲ. ಶಾಸನ, ಗುಡಿಗಳು ಊರಲ್ಲೇ ಇವೆ. ಬಳ್ಳಾರಿಯಲ್ಲಿ 2010ರಲ್ಲಿ ಸ್ಥಾಪನೆಯಾದ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯವೂ ಹಂಪಿಯಲ್ಲಿ 1991ರ ಕನ್ನಡ ವಿಶ್ವವಿದ್ಯಾಲಯವೂ ಹತ್ತಿರದಲ್ಲಿವೆ. ಇಲ್ಲದಿರುವುದು ಪ್ರಬಂಧ ಮುಗಿಯುವವರೆಗಿನ ಜೀವನೋಪಾಯ.

ದೊಡ್ಡ ಆಸರೆಯೆಂದರೆ ಯುಜಿಸಿಯ ಕಿರಿಯ ಸಂಶೋಧನಾ ಫೆಲೋಶಿಪ್, ಅಂದರೆ ಜೆಆರ್‌ಎಫ್. 2023ರ ಪರಿಷ್ಕರಣೆಯಂತೆ ಮೊದಲೆರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000. ಆದರೆ ಸಾಮಾನ್ಯ ವರ್ಗಕ್ಕೆ ವಯೋಮಿತಿ 30. ಹಿಂದುಳಿದವರು, ಪರಿಶಿಷ್ಟರು ಹಾಗೂ ಮಹಿಳೆಯರಿಗೆ ಐದು ವರ್ಷ ಸಡಿಲಿಕೆ. ಎಂ.ಎ. ಆದ ಮೇಲೆ ಬಿ.ಎಡ್. ಮುಗಿಸಿ, ಶಿಕ್ಷಕರ ನೇಮಕಾತಿಗೆ ಓದುತ್ತ ಕಳೆದ ವರ್ಷಗಳೂ ಈ ಲೆಕ್ಕಕ್ಕೇ ಸೇರುತ್ತವೆ. ರಾಷ್ಟ್ರೀಯ ಅರ್ಹತಾ ಪರೀಕ್ಷೆಯಲ್ಲಿ ನೆಟ್ (ಬೋಧನಾ ಅರ್ಹತೆ) ಮಾತ್ರ ಆಗಿ ಜೆಆರ್‌ಎಫ್ ತಪ್ಪಿದವರಿಗೆ ಅರ್ಹತೆ ಇರುತ್ತದೆ, ಹಣವಿರುವುದಿಲ್ಲ.

ಅವರು ಹೋಗುವುದು ಅತಿಥಿ ಉಪನ್ಯಾಸಕ ವೃತ್ತಿಗೆ. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ 11,000–13,000 ರೂಪಾಯಿ ಇದ್ದ ಗೌರವಧನ 2022ರಲ್ಲಿ ಅರ್ಹತೆ, ಸೇವಾವಧಿಗೆ ತಕ್ಕಂತೆ 26,000ದಿಂದ 32,000ಕ್ಕೆ ಏರಿತು. ವಾರಕ್ಕೆ 15 ಗಂಟೆ ಪಾಠ. ಏರಿಕೆ ಸಣ್ಣದಲ್ಲ. ಆದರೂ ನೇಮಕ ಆಯಾ ಶೈಕ್ಷಣಿಕ ವರ್ಷಕ್ಕಷ್ಟೇ. ಕ್ಷೇತ್ರಕಾರ್ಯಕ್ಕೆ ವೇತನಸಹಿತ ರಜೆಯ ಮಾತೇ ಅಲ್ಲಿಲ್ಲ. ಫೆಲೋಶಿಪ್ ಪಡೆಯುವವರು ಸಂಬಳದ ಕೆಲಸ ಮಾಡುವಂತಿಲ್ಲವಾದ್ದರಿಂದ ಎರಡು ದಾರಿಗಳು ಸೇರುವುದೂ ಇಲ್ಲ: ಒಬ್ಬರಿಗೆ ಸಮಯ ಸಿಗುತ್ತದೆ, ಇನ್ನೊಬ್ಬರಿಗೆ ಬೋಧನಾನುಭವ.

ಕಲ್ಯಾಣ ಕರ್ನಾಟಕಕ್ಕೆ ಸಂವಿಧಾನದ 371(ಜೆ) ವಿಧಿ ಇದೆಯಲ್ಲ ಎನ್ನಬಹುದು. 2012ರ 98ನೆಯ ತಿದ್ದುಪಡಿಯ ಫಲವಾಗಿ ಪ್ರಾದೇಶಿಕ ವೃಂದದ ಗ್ರೂಪ್ ಎ ಕಿರಿಯ ಶ್ರೇಣಿ ಮತ್ತು ಬಿ ಹುದ್ದೆಗಳಲ್ಲಿ ಶೇ. 75 ಸ್ಥಳೀಯರಿಗೆ ಮೀಸಲು. ಈ ರಕ್ಷಣೆ ನಿಜ, ಬೇಕಾದದ್ದೂ ಹೌದು. ಆದರೆ ಅಧಿಸೂಚನೆ ಹೊರಬಿದ್ದ ದಿನದಿಂದಷ್ಟೇ ಅದು ಕೆಲಸ ಮಾಡುತ್ತದೆ. ಪದವಿ ಕಾಲೇಜುಗಳ 1,242 ಸಹಾಯಕ ಪ್ರಾಧ್ಯಾಪಕ ಹುದ್ದೆಗಳಿಗೆ 2021ರಲ್ಲಿ ಅರ್ಜಿ ಕರೆದಂತಹ ಸಂದರ್ಭ ಪ್ರತಿವರ್ಷ ಬರುವುದಿಲ್ಲ. ಸ್ಥಳೀಯರೆಂದು ಉಪವಿಭಾಗಾಧಿಕಾರಿ ಕೊಟ್ಟ ಅರ್ಹತಾ ಪತ್ರ ಅಲ್ಲಿಯವರೆಗೆ ಕಡತದಲ್ಲಿರುತ್ತದೆ.

ಕಲಿಯುವ ಕಾಲಕ್ಕೂ ಆಸರೆ ಕೊಟ್ಟ ಹಳೆಯ ಉದಾಹರಣೆಯೊಂದಿದೆ: ಚಿತ್ತಾಪುರ ಬಳಿಯ ನಾಗಾವಿಯ ಘಟಿಕಾಸ್ಥಾನದ (ವಿದ್ಯಾಕೇಂದ್ರದ) 1058ರ ಶಾಸನ ಇದೇ ಕಲ್ಯಾಣ ಕರ್ನಾಟಕದ್ದು. ಗುರುಗಳಿಗೆ ಮಾತ್ರವಲ್ಲ, ಓದುವವರಿಗೂ ಆರು ಮಂದಿ ಸರಸ್ವತಿ ಭಂಡಾರಿಗರಿಗೂ (ಗ್ರಂಥಪಾಲಕರಿಗೂ) ಅಲ್ಲಿ ವ್ಯವಸ್ಥೆಯಿತ್ತು. ಅದನ್ನು ಸುವರ್ಣಯುಗವೆಂದು ಕೊಂಡಾಡಬೇಕಿಲ್ಲ. ಒಳಗೆ ಯಾರಿಗೆ ಪ್ರವೇಶವಿತ್ತೆಂಬುದು ಗೊತ್ತೇ ಇದೆ. ಕಲಿಕೆಯ ಅವಧಿಗೂ ದತ್ತಿ ಬೇಕೆಂಬ ತಿಳಿವಳಿಕೆಯನ್ನಷ್ಟೇ ಗಮನಿಸಿದರೆ ಸಾಕು. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಅತಿಥಿ ಉಪನ್ಯಾಸಕರಿಗೆ ವಯೋಮಿತಿಯಿಲ್ಲದ ಒಂದು ವರ್ಷದ ಪ್ರಬಂಧ ಸಹಾಯಧನ ಕೊಟ್ಟು, ಮರಳಿದಾಗ ಅದೇ ಕಾಲೇಜಿನ ಕಾರ್ಯಭಾರ ಉಳಿಯುವಂತೆ ಇಲಾಖೆ ಆದೇಶಿಸಿದರೆ, ನೆಟ್ ಮಾತ್ರ ಆದವರು ಕುರುಗೋಡಿನ ಶಾಸನಗಳಿಗೆ ಮರಳಲು ಸಾಧ್ಯವಾಗುತ್ತದೆ.