ಲೆಕ್ಕಕ್ಕೆ ಸಿಗದ ಬಾಣಂತಿಯರು: ಯಂಬುಕುವಿನಿಂದ ಸಿಯೆರಾ ಲಿಯೋನ್‌ವರೆಗೆ

ಎಬೋಲಾ ವೈರಸ್ಸನ್ನು ವಿಜ್ಞಾನಿಗಳು ಮೊದಲು ಗುರುತಿಸಿದ್ದು 1976ರಲ್ಲಿ, ಅಂದಿನ ಜೈರ್ ದೇಶದ ಯಂಬುಕು ಎಂಬ ಹಳ್ಳಿಯಿಂದ ಬಂದ ರಕ್ತದ ಮಾದರಿಯಲ್ಲಿ. ಅಲ್ಲಿನ ಮಿಷನ್ ಆಸ್ಪತ್ರೆಯಲ್ಲಿ ದಿನ ಬೆಳಗಾದರೆ ದಾದಿಯರ ಕೈಗೆ ಐದೇ ಐದು ಸಿರಿಂಜುಗಳನ್ನು ಕೊಡುತ್ತಿದ್ದರು. ಹೊರರೋಗಿಗಳಿಗೂ ಅವೇ, ಒಳರೋಗಿಗಳಿಗೂ ಅವೇ, ಬಸುರಿಯರ ತಪಾಸಣೆಗೂ ಅವೇ. ಒಬ್ಬರಿಗೆ ಚುಚ್ಚಿದ ಸೂಜಿಯನ್ನು ಬಿಸಿನೀರಿನಲ್ಲಿ ಜಾಲಾಡಿಸಿ ಇನ್ನೊಬ್ಬರಿಗೆ ಚುಚ್ಚುವುದು ರೂಢಿಯಾಗಿತ್ತು. ಸೋಂಕು ತಗುಲಿದ 318 ಮಂದಿಯಲ್ಲಿ 280 ಮಂದಿ ಸತ್ತರು. ಸೋಂಕಿತರಲ್ಲಿ 82 ಮಂದಿ ಗರ್ಭಿಣಿಯರಿದ್ದರು. ಅವರಲ್ಲಿ ಉಳಿದವರು ಒಂಬತ್ತೇ ಮಂದಿ. ಹೊಟ್ಟೆಯ ಕೂಸು ಚೆನ್ನಾಗಿರಲೆಂದು ಆಸ್ಪತ್ರೆಗೆ ಹೋದದ್ದೇ ಹಲವರಿಗೆ ಮುಳುವಾಯಿತು.

38 ವರ್ಷಗಳ ನಂತರ ಸಿಯೆರಾ ಲಿಯೋನ್‌ನಲ್ಲಿ ಆದದ್ದು ಇದಕ್ಕೆ ತಿರುಗುಮುರುಗು. ಅಲ್ಲಿ ಹೆಂಗಸರು ಆಸ್ಪತ್ರೆಗೆ ಹೋಗದೆ ಸತ್ತರು. ಹೋದವರಲ್ಲಿ ಕೆಲವರು, ಮುಟ್ಟುವವರಿಲ್ಲದೆ.

ಅಂತರ್ಯುದ್ಧದಿಂದ ಜರ್ಜರಿತವಾಗಿದ್ದ ಆ ಪುಟ್ಟ ದೇಶ 2010ರ ಏಪ್ರಿಲ್‌ನಲ್ಲಿ ಬಸುರಿ, ಬಾಣಂತಿ ಮತ್ತು ಐದು ವರ್ಷದೊಳಗಿನ ಮಕ್ಕಳಿಗೆ ಉಚಿತ ಚಿಕಿತ್ಸೆ ಘೋಷಿಸಿತ್ತು. ಹೆಂಗಸರು ಆಸ್ಪತ್ರೆಯ ಹೆರಿಗೆಗೆ ಒಗ್ಗಿಕೊಳ್ಳುತ್ತಿದ್ದ ಹೊತ್ತಿಗೇ, 2014ರ ಮೇನಲ್ಲಿ, ಎಬೋಲಾ ಬಂತು. ಅಲ್ಲಿ ಮೊದಲಿಗೆ ದೃಢಪಟ್ಟ ರೋಗಿಗಳಲ್ಲಿ ಒಬ್ಬಾಕೆ ಗರ್ಭಪಾತವಾಗಿ ಕೆನೆಮಾ ಸರ್ಕಾರಿ ಆಸ್ಪತ್ರೆ ಸೇರಿದ್ದ ಯುವತಿ. ಜುಲೈನಲ್ಲಿ ಅದೇ ಆಸ್ಪತ್ರೆಯ ಹಿರಿಯ ದಾದಿ ಎಂಬಾಲು ಫೋನಿ ತೀರಿಕೊಂಡರು. ಸೋಂಕು ತಗುಲಿದ್ದ ಗರ್ಭಿಣಿ ಸಹೋದ್ಯೋಗಿಯ ಆರೈಕೆಗೆ ನಿಂತಾಗ ಅವರಿಗೂ, ಜೊತೆಯಲ್ಲಿದ್ದ ಕೆಲವರಿಗೂ ರೋಗ ಅಂಟಿತ್ತು. ಆ ತಿಂಗಳ 29ರಂದು ಅಲ್ಲಿನ ವೈದ್ಯ ಹುಮರ್ ಖಾನ್ ಕೂಡ ಹೋದರು.

ಹೆರಿಗೆ ಕೋಣೆಯೇ ಏಕೆ ಭಯದ ಕೇಂದ್ರವಾಯಿತು? ಹೆರಿಗೆಯೆಂದರೆ ರಕ್ತ, ಗರ್ಭಜಲ, ಮಾಸು. ಎಬೋಲಾ ಹರಡುವುದೂ ದೇಹದ್ರವಗಳಿಂದಲೇ. ಇದಕ್ಕಿಂತ ಕಠಿಣವಾದ ತೊಡಕು ರೋಗಲಕ್ಷಣದ್ದು. ಗರ್ಭಪಾತ, ವಿಪರೀತ ರಕ್ತಸ್ರಾವ, ಜ್ವರ, ಹೊಟ್ಟೆನೋವು ಎಲ್ಲವೂ ಬಸುರಿನ ತೊಂದರೆಗಳೂ ಹೌದು, ಎಬೋಲಾದ ಚಿಹ್ನೆಗಳೂ ಹೌದು. ರಕ್ತ ಸುರಿಯುತ್ತಾ ಬಂದ ಬಾಣಂತಿಯನ್ನು ಮೊದಲು ಶಂಕಿತಳೆಂದು ಬದಿಗಿರಿಸಬೇಕು, ಪರೀಕ್ಷೆಯ ಫಲಿತಾಂಶಕ್ಕೆ ಕಾಯಬೇಕು. ಹೆರಿಗೆಯ ನಂತರದ ತೀವ್ರ ರಕ್ತಸ್ರಾವವಾದರೋ ಒಂದೆರಡು ತಾಸಿನಲ್ಲೇ ಜೀವ ತೆಗೆಯಬಲ್ಲದು. ಕೈಗವಸೂ ಸಾಕಷ್ಟಿಲ್ಲದ ದಾದಿ ಹಿಂಜರಿದರೆ ಅದನ್ನು ಹೇಡಿತನ ಎನ್ನಲು ನನಗಂತೂ ಮನಸ್ಸು ಬಾರದು.

ಪರಿಣಾಮವನ್ನು ಅಳೆದವರಿದ್ದಾರೆ. 2016ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ಎಬೋಲಾ ಕಾಲದಲ್ಲಿ ಸಿಯೆರಾ ಲಿಯೋನ್‌ನ ಆಸ್ಪತ್ರೆಗಳಲ್ಲಿ ಹೆರಿಗೆಗಳು ಶೇ 11ರಷ್ಟು, ಗರ್ಭಿಣಿಯರ ತಪಾಸಣೆ ಶೇ 18ರಷ್ಟು ಇಳಿದವು. ಆಸ್ಪತ್ರೆ ತಲುಪಿದವರಲ್ಲಿ ತಾಯಂದಿರ ಮರಣ ಪ್ರಮಾಣ ಶೇ 34ರಷ್ಟು ಏರಿತು. ಮರುವರ್ಷದ ಮತ್ತೊಂದು ಅಧ್ಯಯನ, ಆರೈಕೆ ಕುಸಿದದ್ದರಿಂದಲೇ ಹೆಚ್ಚುವರಿಯಾಗಿ ಸತ್ತ ತಾಯಂದಿರು, ನವಜಾತ ಶಿಶುಗಳು ಮತ್ತು ಸತ್ತೇ ಹುಟ್ಟಿದ ಕೂಸುಗಳನ್ನು ಕೂಡಿಸಿ, ಕನಿಷ್ಠವೆಂದರೂ ಸುಮಾರು 3,600 ಎಂದು ಅಂದಾಜಿಸಿತು. ಎಬೋಲಾದಿಂದಲೇ ಅಲ್ಲಿ ಸತ್ತವರು 3,956. ಎರಡೂ ಸಂಖ್ಯೆಗಳು ಹತ್ತಿರಹತ್ತಿರವೇ ಇವೆ. ಆದರೆ ದಿನದಿನದ ಬುಲೆಟಿನ್‌ನಲ್ಲಿ ಬಂದದ್ದು ಎರಡನೆಯದು ಮಾತ್ರ.

ರೋಗ ಹೋದರೂ ಅಂಜಿಕೆ ಹೋಗಲಿಲ್ಲ. ಪಕ್ಕದ ಲೈಬೀರಿಯಾದ ಸಲೋಮ್ ಕಾರ್ವಾ ಎಬೋಲಾದಿಂದ ಬದುಕುಳಿದು, ರೋಗಿಗಳ ಸೇವೆಗೆ ನಿಂತು, 2014ರಲ್ಲಿ ಟೈಮ್ ಪತ್ರಿಕೆಯ ಮುಖಪುಟಕ್ಕೆ ಬಂದವರು. 2017ರ ಫೆಬ್ರುವರಿಯಲ್ಲಿ ಸಿಸೇರಿಯನ್ ಆಗಿ ಮನೆಗೆ ಮರಳಿದ ಅವರಿಗೆ ಸೆಳವು ಬಂತು. ಬದುಕುಳಿದವಳೆಂಬ ಕಾರಣಕ್ಕೇ ಆಸ್ಪತ್ರೆಯಲ್ಲಿ ಮುಟ್ಟಲು ಹೆದರಿದರೆಂಬುದು ಕುಟುಂಬದ ದೂರು. ಸಲೋಮ್ ಉಳಿಯಲಿಲ್ಲ.

ಇದು ಎಬೋಲಾದ ಕಥೆಯಷ್ಟೇ ಅಲ್ಲ. ಕೋವಿಡ್ ಕಾಲದ ಬಗ್ಗೆ 17 ದೇಶಗಳ 40 ಅಧ್ಯಯನಗಳನ್ನು ಒಟ್ಟುಗೂಡಿಸಿ 2021ರಲ್ಲಿ ಪ್ರಕಟವಾದ ವಿಶ್ಲೇಷಣೆಯೂ ತಾಯಂದಿರ ಸಾವು ಹೆಚ್ಚಿದ್ದನ್ನೇ ತೋರಿಸಿತು. ನಮ್ಮಲ್ಲಿ? ಮಾದರಿ ನೋಂದಣಿ ವ್ಯವಸ್ಥೆಯ ಪ್ರಕಾರ ಕರ್ನಾಟಕದ ತಾಯಂದಿರ ಮರಣ ಪ್ರಮಾಣ ಲಕ್ಷ ಜೀವಂತ ಜನನಕ್ಕೆ 2018–20ರಲ್ಲಿ 69, 2019–21ರಲ್ಲಿ 63. ಇಳಿದಿದೆಯೆಂದು ಸಮಾಧಾನಪಡುವ ಮುನ್ನ ಗಮನಿಸಬೇಕಾದ್ದೊಂದಿದೆ: ಇವು ಮೂರು ವರ್ಷಗಳ ಲೆಕ್ಕವನ್ನು ಒಟ್ಟಾಗಿಸಿದ ಅಂಕಿಗಳು, ಸಾಂಕ್ರಾಮಿಕದ ವರ್ಷ ಅವುಗಳಲ್ಲಿ ಕರಗಿಹೋಗುತ್ತದೆ. ಪ್ರತಿ ತಾಯಿಯ ಸಾವನ್ನೂ ಪರಿಶೀಲಿಸುವ ವ್ಯವಸ್ಥೆ ಜಿಲ್ಲಾಮಟ್ಟದಲ್ಲಿ ಇದ್ದೇ ಇದೆ. 2020 ಮತ್ತು 2021ರ ಆ ವರದಿಗಳನ್ನು, ಹೆಸರುಗಳನ್ನು ಮರೆಮಾಡಿ, ಸರ್ಕಾರ ಸಂಶೋಧಕರಿಗೆ ತೆರೆದಿಡಬೇಕು.