ಪದಾದಿ ಪಕಾರದ ಚರಿತ್ರೆ ಮತ್ತು ಕೇಳುಗರ ಕಿವಿ: ಹಾಸನ ಸೀಮೆಯ ನಿದರ್ಶನ

ವೆಲ್ಷ್ ಭಾಷೆಯಲ್ಲಿ ತಲೆಗೆ ‘ಪೆನ್’ ಎಂದು ಹೆಸರು. ‘ಅವನ ತಲೆ’ ಎನ್ನುವಾಗ ಅದು ‘ಇ ಬೆನ್’ ಆಗುತ್ತದೆ. ಪದಾದಿ ವ್ಯಂಜನದ ಇಂತಹ ಪಲ್ಲಟವನ್ನು ಕೇಳುಗರೆಲ್ಲರೂ ಒಂದೇ ಬಗೆಯಲ್ಲಿ ಗ್ರಹಿಸುತ್ತಾರೆಯೇ ಎಂಬ ಪ್ರಶ್ನೆ ಕನ್ನಡಕ್ಕೂ ಸಲ್ಲುತ್ತದೆ. ಅದಕ್ಕೆ ಹಾಸನ ಜಿಲ್ಲೆಯ ಸ್ಥಳನಾಮಗಳು ಉತ್ತಮ ಸಾಮಗ್ರಿ.

ಬೇಲೂರು ತಾಲ್ಲೂಕಿನ ಹಲ್ಮಿಡಿ ಶಾಸನ ಸುಮಾರು ಕ್ರಿ.ಶ. 450ರದು. ಅದರಲ್ಲಿ ಬರುವ ‘ಬಾಳ್ಗೞ್ಚು’ ಎಂಬ ಸಮಾಸದಲ್ಲಿ ಉತ್ತರಪದದ ಕಕಾರ ಗಕಾರವಾಗಿದೆ. ಚನ್ನರಾಯಪಟ್ಟಣ ತಾಲ್ಲೂಕಿನ ಬೆಳ್ಗೊಳದಲ್ಲಿಯೂ (ಬೆಳ್ + ಕೊಳ) ಇದೇ ಪಲ್ಲಟವಿದೆ. ಕ, ತ, ಪಗಳಿಗೆ ಗ, ದ, ಬಗಳು ಬರುವ ಈ ಆದೇಶವನ್ನು 13ನೆಯ ಶತಮಾನದಲ್ಲಿ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಸೂತ್ರೀಕರಿಸಿದನು. ಸಂಸ್ಕೃತಮೂಲದ ‘ಪುರ’ ಈ ಆದೇಶಕ್ಕೆ ಒಳಗಾಗದೆ ಹೊಳೆನರಸೀಪುರದಲ್ಲಿ ಹಾಗೆಯೇ ಉಳಿದಿದೆ. ಈ ವ್ಯತ್ಯಾಸ ಇಂದಿನ ಭಾಷಿಕರ ಗಮನಕ್ಕೆ ಬರುವುದೇ ಇಲ್ಲ.

ಅದೇ ಹಲ್ಮಿಡಿ ಶಾಸನದಲ್ಲಿ ಊರಿನ ಹೆಸರು ‘ಪಲ್ಮಡಿ’. ಮುಂದೆ ಪದಾದಿ ಪಕಾರ ಹಕಾರವಾಯಿತು. ಶಾಸನಗಳಲ್ಲಿ ‘ಪೊಯ್ಸಳ’, ‘ಹೊಯ್ಸಳ’ ಎಂಬ ಎರಡು ರೂಪಗಳೂ ದೊರೆಯುತ್ತವೆ; ರಾಜವಂಶದ ಹೆಸರೇ ಈ ಸಂಧಿಕಾಲಕ್ಕೆ ಸಾಕ್ಷಿಯಾಗಿದೆ. ಹೊಳೆನರಸೀಪುರದ ‘ಹೊಳೆ’ಗೂ ಮಲಯಾಳದ ‘ಪುೞ’ಕ್ಕೂ ಜ್ಞಾತಿಸಂಬಂಧವಿದೆ. ಬರವಣಿಗೆ ಹಕಾರವನ್ನು ಅಂಗೀಕರಿಸಿದ್ದರಿಂದ ಇಂದು ‘ಹಾಲು’ ಎಂಬುದನ್ನು ‘ಪಾಲು’ ಎಂಬುದರ ಅಪಭ್ರಂಶವೆಂದು ಯಾರೂ ಹೀಗಳೆಯುವುದಿಲ್ಲ.

ಬದಲಾವಣೆ ಅಲ್ಲಿಗೆ ನಿಲ್ಲಲಿಲ್ಲ. ಹಳೆಯ ಮೈಸೂರು ಸೀಮೆಯ ಗ್ರಾಮೀಣ ಆಡುಮಾತಿನಲ್ಲಿ ಹಕಾರವೂ ಲೋಪವಾಗಿ ‘ಆಲು’, ‘ಒಳೆ’, ‘ಆಸನ’ ಎಂಬ ರೂಪಗಳು ಕೇಳಿಬರುತ್ತವೆ. ‘ಅತ್ತು ರೂಪಾಯಿ’ ಎಂದರೆ ‘ಹತ್ತು’ ಎಂದೇ ಅರ್ಥವಾಗುತ್ತದೆ, ಸಂವಹನಕ್ಕೆ ಭಂಗವಿಲ್ಲ. ಆದರೂ ಶಾಲೆಯಲ್ಲಿ ಅದು ತಪ್ಪೆನಿಸುತ್ತದೆ. ಆ ತಿದ್ದುಪಡಿಯ ಒತ್ತಡದಲ್ಲಿಯೇ ‘ಆನೆ’ಯನ್ನು ‘ಹಾನೆ’ ಎನ್ನುವ ಅತಿಶುದ್ಧಿಯೂ ಹುಟ್ಟುತ್ತದೆ.

ಪ > ಹ, ಹ > ಶೂನ್ಯ ಇವೆರಡೂ ಒಂದೇ ಧ್ವನಿಪಥದ ಹಂತಗಳು. ಮೊದಲನೆಯದಕ್ಕೆ ಲಿಪಿಯ ಮುದ್ರೆ ಬಿದ್ದಿತು, ಎರಡನೆಯದಕ್ಕೆ ಬೀಳಲಿಲ್ಲ. ಹಾಗಾಗಿ ಕೇಳುಗರ ತೀರ್ಪಿನಲ್ಲಿ ಧ್ವನಿಗಿಂತ ಅಕ್ಷರಜ್ಞಾನದ ಪಾಲೇ ಹೆಚ್ಚಿರುವ ಸಂಭವವಿದೆ. ಈ ಸೀಮೆಯಲ್ಲಿ ಗ್ರಹಿಕೆಯ ಅಧ್ಯಯನಕ್ಕೆ ತೊಡಗುವವರು ಎರಡು ಪ್ರಶ್ನೆಗಳನ್ನು ಬೇರ್ಪಡಿಸಬೇಕು: ಹಕಾರವಿಲ್ಲದಿರುವುದು ಕೇಳುಗರಿಗೆ ಕೇಳಿಸುತ್ತದೆಯೇ? ಕೇಳಿಸಿದರೆ, ಅದನ್ನು ಅವರು ಹೇಗೆ ಬೆಲೆಗಟ್ಟುತ್ತಾರೆ? ಹಾಸನ, ಹೊಳೆನರಸೀಪುರ ಎಂಬ ಹಕಾರಾದಿ ಹೆಸರುಗಳ ಜೊತೆಗೆ ಸ್ವರಾದಿಯಾದ ಅರಕಲಗೂಡನ್ನೂ ಇಟ್ಟು ಪರೀಕ್ಷಿಸಿದರೆ ಲೋಪ, ಅತಿಶುದ್ಧಿಗಳೆರಡನ್ನೂ ಅಳೆಯಬಹುದು. ಈ ಎರಡು ಪ್ರಶ್ನೆಗಳು ಬೆರೆತುಹೋದಲ್ಲಿ, ಸಾವಿರ ವರ್ಷಗಳಿಂದ ನಡೆದುಬಂದ ಧ್ವನಿಪರಿವರ್ತನೆಯ ಮುಂದಿನ ಹಂತವೊಂದು ಗ್ರಾಮೀಣ ಮಗುವಿನ ದೋಷವಾಗಿ ದಾಖಲಾಗುತ್ತದೆ.